ಲೆಕ್ಕಿಗನಿಂದ ಯಂತ್ರಕ್ಕೆ ಬಂದ ಹೆಸರು

ಸಂಪಾದಕರಿಗೆ,

ಮಾನ್ಯರೇ,

ಕಂಪ್ಯೂಟರ್‌ಗೆ ಜಗತ್ತಿನ ಭಾಷೆಗಳು ಕಟ್ಟಿಕೊಂಡಿರುವ ಹೆಸರುಗಳನ್ನು ನಮ್ಮ ಶಾಲಾಮಕ್ಕಳಿಗೂ ಪರಿಚಯಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. 1955ರಲ್ಲಿ ಐಬಿಎಂನ ಫ್ರಾನ್ಸ್ ಶಾಖೆಯು ತನ್ನ ಹೊಸ ಯಂತ್ರಕ್ಕೆ ಹೆಸರೊಂದನ್ನು ಬಯಸಿದಾಗ, ಲ್ಯಾಟಿನ್ ವಿದ್ವಾಂಸ ಜಾಕ್ ಪೆರೆ ಅವರು, ಜಗತ್ತನ್ನು ಕ್ರಮಕ್ಕೆ ತರುವ ದೇವರಿಗೆ ಸಲ್ಲುತ್ತಿದ್ದ ಹಳೆಯ ವಿಶೇಷಣವನ್ನು ಎತ್ತಿಕೊಂಡು ‘ಒರ್ದಿನತರ್’ ಎಂದು ಸೂಚಿಸಿದರು. ಫ್ರೆಂಚರು ಇಂದಿಗೂ ಅದನ್ನೇ ಬಳಸುತ್ತಾರೆ. ಐಸ್‌ಲ್ಯಾಂಡಿನ ಸಿಗುರ್ದುರ್ ನೋರ್ದಾಲ್ ಅವರು ಸಂಖ್ಯೆ ಎಂಬರ್ಥದ ಪದವನ್ನೂ ಕಣಿ ಹೇಳುವವಳು ಎಂಬರ್ಥದ ಪದವನ್ನೂ ಬೆಸೆದು ‘ತೊಲ್ವಾ’ ಎಂದರು. ನಾಲ್ಕು ಲಕ್ಷಕ್ಕೂ ಕಡಿಮೆ ಜನರಾಡುವ ಭಾಷೆಯೊಂದು ತೋರಿದ ಈ ಆತ್ಮವಿಶ್ವಾಸವೇ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಚೀನೀಯರಿಗೆ ಅದು ‘ವಿದ್ಯುತ್ ಮಿದುಳು’.

ನಮ್ಮ ‘ಗಣಕಯಂತ್ರ’ವೂ ಕಡಿಮೆಯದಲ್ಲ. ಇಂಗ್ಲಿಷಿನ ‘ಕಂಪ್ಯೂಟರ್’ ಯಂತ್ರವನ್ನು ಹೆಸರಿಸುವ ಮುನ್ನ ಲೆಕ್ಕ ಹಾಕುವ ಮನುಷ್ಯನನ್ನು ಸೂಚಿಸುತ್ತಿದ್ದಂತೆಯೇ, ಸಂಸ್ಕೃತದಿಂದ ಬಂದ ‘ಗಣಕ’ವೂ ಲೆಕ್ಕಿಗನನ್ನು, ಜ್ಯೋತಿಷಿಯನ್ನು ಹೇಳುತ್ತಿತ್ತು. ಗಣಿತ ಎಂಬ ನಿತ್ಯದ ಮಾತೂ ಇದೇ ಧಾತುವಿನದು. ಪಠ್ಯಪುಸ್ತಕ ರಚಿಸುವವರು ಕಂಪ್ಯೂಟರ್ ಪಾಠದಲ್ಲಿ ಈ ಹಿನ್ನೆಲೆಗೆ ಒಂದು ಪುಟವನ್ನಾದರೂ ಮೀಸಲಿಡಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಭಾಷಾ ಅಧ್ಯಾಪಕ, ಧಾರವಾಡ