ವೈನಿಗೆ, ಪುಟ್ಟಿಯ ಲೆಕ್ಕದ ಬಗ್ಗೆ

ನಗೋಯಾ, ಜಪಾನ್
ಜುಲೈ 12

ಪ್ರೀತಿಯ ವೈನಿಗೆ ನಮಸ್ಕಾರ,

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಇಂಡಿ ಕಡೆ ಮಳೆ ಆಯಿತು ಅಂತ ಅಣ್ಣ ಹೇಳಿದ, ಕೇಳಿ ಸಮಾಧಾನ ಆಯಿತು. ಅವ್ವನ ಮೊಣಕಾಲು ನೋವು ಹೇಗಿದೆ?

ನೀವು ಫೋನಿನಲ್ಲಿ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಬೆರಳು ಎಣಿಸುತ್ತಾಳೆ ಅಂತ ಟ್ಯೂಷನ್‌ನಲ್ಲಿ ಬೈದರಂತೆ, ಈಗ ಲೆಕ್ಕದ ವಹಿ ತೆಗೆದರೆ ಪುಟ್ಟಿ ಅಳುತ್ತಾಳೆ ಅಂದಿರಿ. ವೈನಿ, ಒಂದನೇ ಇಯತ್ತೆಯ ಮಗು ಬೆರಳು ಎಣಿಸುವುದು ತಪ್ಪೇ ಅಲ್ಲ. ಅದನ್ನು ಬಿಡಿಸಲು ಹೋಗಬೇಡಿ. ಉತ್ತರ ನೆನಪಿನಲ್ಲಿ ಕೂತ ಹಾಗೆ ಬೆರಳು ತಾನಾಗಿ ಬಿಟ್ಟುಹೋಗುತ್ತದೆ. ಸದ್ಯಕ್ಕೆ ಒಂದೇ ಹೇಳಿಕೊಡಿ: 2+7 ಅಂದರೆ ದೊಡ್ಡ ಅಂಕಿ ಹಿಡಿದು ಮುಂದೆ ಎಣಿಸಬೇಕು. ಏಳು ಮನಸ್ಸಿನಲ್ಲಿ, ಆಮೇಲೆ ಎಂಟು, ಒಂಬತ್ತು. ಒಂದರಿಂದ ಶುರು ಮಾಡುವ ಕಷ್ಟ ಅಲ್ಲಿಗೆ ತಪ್ಪಿತು.

ಮುಖ್ಯವಾದದ್ದು ಹತ್ತಾಗುವ ಜೋಡಿಗಳು. 1 ಮತ್ತು 9, 2 ಮತ್ತು 8, 3 ಮತ್ತು 7, 4 ಮತ್ತು 6, 5 ಮತ್ತು 5. ಈ ಐದು ಗಟ್ಟಿಯಾದರೆ ಉಳಿದದ್ದಕ್ಕೆಲ್ಲ ದಾರಿ ಸಿಗುತ್ತದೆ. ಹೋದ ವರ್ಷ ನಮ್ಮ ಮಗ ಇಲ್ಲಿ ಒಂದನೇ ಇಯತ್ತೆಯಲ್ಲಿದ್ದಾಗ ಇದನ್ನೇ ಕಂಡೆ. ಇಲ್ಲಿ ಶಾಲೆ ಏಪ್ರಿಲ್‌ನಲ್ಲಿ ಶುರು. ಮೊದಲ ತಿಂಗಳುಗಳಲ್ಲಿ ಹತ್ತರ ಒಳಗಿನ ಲೆಕ್ಕವೇ ನಡೆಯಿತು, ಹತ್ತು ದಾಟಲು ಯಾರೂ ಅವಸರ ಮಾಡಲಿಲ್ಲ. ಇಲ್ಲಿ ಮೊಟ್ಟೆ ಹತ್ತರ ಡಬ್ಬಿಯಲ್ಲಿ ಬರುತ್ತವೆ, ಐದೈದರ ಎರಡು ಸಾಲು. ನಾನು ಮೂರು ತೆಗೆದು 'ಎಷ್ಟು ಉಳಿದವು, ಎಷ್ಟು ಮನೆ ಖಾಲಿ' ಅಂತ ಕೇಳುತ್ತಿದ್ದೆ. ನಿಮಗೆ ಮೊಟ್ಟೆ ಬೇಡ, ಮನೆ ತುಂಬ ನಿಂಬೆಹಣ್ಣು ಇವೆಯಲ್ಲ! ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ ಐದೈದು ಚೌಕದ ಎರಡು ಸಾಲು ಬರೆಯಿರಿ. ಮೇಲಿನ ಸಾಲು ತುಂಬಿಸಿ, ಕೆಳಗೆ ಎರಡು ಇಡಿ. ಅವಳು ಒಂದೊಂದೇ ಎಣಿಸದೆ, ನೋಡಿದ ಕೂಡಲೆ 'ಏಳು, ಇನ್ನೂ ಮೂರು ಬೇಕು' ಅನ್ನುವಂತೆ ಆಗಬೇಕು. ಅದಕ್ಕೆ ವಾರಗಳೇ ಹಿಡಿದರೂ ಹಿಡಿಯಲಿ.

ಆಮೇಲೆ 8+5. ಇಲ್ಲಿ ಇದಕ್ಕೆ ಚೆರ್ರಿ ಲೆಕ್ಕ ಅನ್ನುತ್ತಾರೆ. 5ರ ಕೆಳಗೆ ಎರಡು ಗೆರೆ ಇಳಿಸಿ, ಎರಡು ಸಣ್ಣ ಸುತ್ತು ಬರೆದು, 2 ಮತ್ತು 3 ಅಂತ ತುಂಬಿಸುತ್ತಾರೆ. ಎರಡನ್ನು ಎಂಟಕ್ಕೆ ಕೊಟ್ಟರೆ ಹತ್ತು, ಉಳಿದದ್ದು ಮೂರು, ಒಟ್ಟು 13. ಒಂಬತ್ತಕ್ಕಂತೂ ಒಂದು ಕೊಟ್ಟರೆ ಮುಗಿಯಿತು: 9+6 ಅಂದರೆ 10+5. ಪಾಟಿಯ ಮೇಲೆ ಬರೆದು ತೋರಿಸಿ, ನಿಂಬೆಹಣ್ಣು ಸರಿಸಿಯೂ ತೋರಿಸಿ.

ಅಣ್ಣ ಗಾಬರಿ ಆಗಿದ್ದಾನೆ, ಅವನಿಗೆ ಈ ಲೆಕ್ಕ ಓದಿ ಹೇಳಿ. 1+1ರಿಂದ 9+9ರವರೆಗೆ ಒಟ್ಟು 81 ಲೆಕ್ಕ. ಆದರೆ 3+8 ಬಂದರೆ 8+3 ಬಂದ ಹಾಗೆಯೇ, ಅಲ್ವಾ? ಅಲ್ಲಿಗೆ 45. ಒಂದು, ಎರಡು ಕೂಡಿಸುವುದು ಅವಳಿಗೆ ಈಗಾಗಲೇ ಬರುತ್ತದೆ. 4+4, 6+6 ಇಂಥವನ್ನು ಮಕ್ಕಳು ಬೇಗ ಹಿಡಿಯುತ್ತಾರೆ. 6+6 ಗೊತ್ತಿದ್ದರೆ 6+7ಕ್ಕೆ ಒಂದೇ ಜಾಸ್ತಿ. ಇವನ್ನೂ, ಹತ್ತರ ಜೋಡಿಗಳನ್ನೂ, ಒಂಬತ್ತರ ಲೆಕ್ಕಗಳನ್ನೂ ತೆಗೆದರೆ ಉಳಿಯುವುದು ಎಂಟೇ: 3+5, 3+6, 3+8, 4+7, 4+8, 5+7, 5+8, 6+8. ಇಷ್ಟಕ್ಕೆ ಮಗುವನ್ನು ಅಳಿಸಬೇಕಾ?

ಅವ್ವನನ್ನೂ ಸೇರಿಸಿಕೊಳ್ಳಿ. ಸಂಜೆ ಪುಟ್ಟಿಯ ಜೊತೆ ಚೌಕಾಬಾರಾ ಆಡಲಿ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಒಟ್ಟು ಎಷ್ಟು ಅಂತ ಹೇಳಿದ ಮೇಲೆಯೇ ಕಾಯಿ ನಡೆಸು ಅನ್ನಲಿ. ಮೇಲೆ ಹೇಳಿದ ಎಂಟು ಲೆಕ್ಕಗಳಲ್ಲಿ 3+8, 4+8 ಆಟದಲ್ಲೇ ಬಂದುಬಿಡುತ್ತವೆ. ಮುಂದಿನ ತಿಂಗಳು ಪಂಚಮಿಗೆ ಉಂಡಿ ಕಟ್ಟುವಾಗಲೂ ಅವಳನ್ನು ಪಕ್ಕ ಕೂಡಿಸಿಕೊಳ್ಳಿ. ತಾಟಿನಲ್ಲಿ ಆರು ಇದ್ದರೆ ಹತ್ತಕ್ಕೆ ಎಷ್ಟು ಬೇಕು ಅಂತ ಕೇಳಿ, ಉತ್ತರ ಬಂದರೂ ಬರದಿದ್ದರೂ ಒಂದು ಉಂಡಿ ಕೊಡಿ.

ಭಾನುವಾರ ಒಂದು ತಾಸು ಕೂಡಿಸುವ ಬದಲು ದಿನಾ ಐದು ನಿಮಿಷ ಸಾಕು. ಬಂದಿರುವ ಲೆಕ್ಕಗಳ ನಡುವೆ ಹೊಸದು ಒಂದೋ ಎರಡೋ ಇರಲಿ. ತಪ್ಪಿದರೆ 'ಹೇಗೆ ಮಾಡಿದೆ, ತೋರಿಸು' ಅಂತ ಕೇಳಿ. ಎಲ್ಲಿ ಎಡವಿದಳು ಅಂತ ಅವಳ ಬಾಯಿಂದಲೇ ತಿಳಿಯುತ್ತದೆ. ಗಡಿಯಾರ ಹಿಡಿದು ಮಾತ್ರ ಕೂರಬೇಡಿ. ಇಲ್ಲಿಯೂ ಕಾರ್ಡು ಓದಿಸುವಾಗ ಸಮಯ ನೋಡುವ ರೂಢಿ ಇದೆ, ನನಗೆ ಅದು ಸರಿ ಅನಿಸುವುದಿಲ್ಲ. ಹೆದರಿದ ಮಗುವಿಗೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಈ ಸಣ್ಣ ಲೆಕ್ಕಗಳು ಬಾಯಿಗೆ ಬರಬೇಕು ಅನ್ನುವುದು ನಿಜ. ಮುಂದೆ 28+7 ಬಂದಾಗ ಎಣಿಸುವುದರಲ್ಲೇ ಗಮನ ಹೋದರೆ ಉಳಿದದ್ದು ತಪ್ಪುತ್ತದೆ. ಆದರೆ ಅದಕ್ಕೆ ಇನ್ನೂ ಸಮಯ ಇದೆ, ವೈನಿ. ಟ್ಯೂಷನ್ ಬಿಡಿಸಬೇಕೋ ಬೇಡವೋ ನೀವಿಬ್ಬರೂ ಯೋಚಿಸಿ. ನನ್ನನ್ನು ಕೇಳಿದರೆ ಬಿಡಿಸಿ ಅನ್ನುತ್ತೇನೆ.

ಭಾನುವಾರ ಫೋನ್ ಮಾಡುತ್ತೇನೆ. ನಾನು ಪುಟ್ಟಿಗೆ ಲೆಕ್ಕ ಕೇಳುವುದಿಲ್ಲ, ಅವಳೇ ನನಗೆ ಕೇಳಲಿ. ಅವ್ವನಿಗೆ, ಅಪ್ಪನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ನಾದಿನಿ