ಹನ್ನೆರಡು ನಿಮಿಷದ ದೂರ

ಪ್ರಿಯ ಯುವಮಿತ್ರರೇ,

ನಿಮ್ಮ ಬಾಹ್ಯಾಕಾಶ ಚಿತ್ರಕಥೆ ಓದಿದೆ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೊಠಡಿಯಲ್ಲಿ ಕುಳಿತ ನಾಯಕಿ ಜಾಯ್‌ಸ್ಟಿಕ್ ಹಿಡಿದು, ಮಂಗಳದ ಬಳಿಯ ನೌಕೆಯನ್ನು ಕೊನೇ ಕ್ಷಣದಲ್ಲಿ ತಿರುಗಿಸುವ ದೃಶ್ಯವನ್ನು ದಯವಿಟ್ಟು ತೆಗೆದುಬಿಡಿ. ಮಂಗಳ ಎಷ್ಟೇ ಹತ್ತಿರ ಬಂದರೂ ರೇಡಿಯೋ ಸಂಕೇತ ಅಲ್ಲಿಗೆ ಮುಟ್ಟಲು ಮೂರು ನಿಮಿಷ ಬೇಕು. ಸೂರ್ಯನ ಆಚೆ ಬದಿಗಿದ್ದರೆ 22. ಅಪಾಯ ಅವಳ ಕಣ್ಣಿಗೆ ಬೀಳುವ ಹೊತ್ತಿಗೆ ಅದು ನಡೆದುಹೋಗಿರುತ್ತದೆ.

ಇದರಿಂದ ರೋಚಕತೆ ಸಾಯುತ್ತದೆಂದು ಹೆದರಬೇಡಿ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಮಂಗಳದ ಕಕ್ಷೆ ಸೇರಿದ್ದನ್ನೇ ನೋಡಿ. ಆದೇಶಗಳನ್ನೆಲ್ಲ ಮೊದಲೇ ನೌಕೆಗೆ ತುಂಬಿದ್ದರು. ಎಂಜಿನ್ ಉರಿಯಬೇಕಿದ್ದದ್ದು ಸುಮಾರು 24 ನಿಮಿಷ. ಸಂಕೇತ ಭೂಮಿಗೆ ಬರಲು ಸುಮಾರು 12 ನಿಮಿಷ. ಎಂಜಿನ್ ಹೊತ್ತಿಕೊಂಡ ಸುದ್ದಿ ಬೆಂಗಳೂರಿಗೆ ಮುಟ್ಟುವಾಗ ಅಲ್ಲಿ ಅರ್ಧ ಉರಿದಾಗಿತ್ತು. ನಡುವೆ ನೌಕೆ ಗ್ರಹದ ಮರೆಗೆ ಸರಿದು ಸಂಕೇತವೇ ಕಡಿಯಿತು. ಕಾಯುವುದು ಬಿಟ್ಟರೆ ಕೊಠಡಿಯಲ್ಲಿದ್ದವರ ಕೈಯಲ್ಲಿ ಏನೂ ಇರಲಿಲ್ಲ. ಅದನ್ನು ಬರೆಯಿರಿ. ಪ್ರತಿ ದೃಶ್ಯದ ಅಂಚಿನಲ್ಲಿ ಎರಡು ಸಮಯ ಗುರುತಿಸಿ: ನೌಕೆಯಲ್ಲಿ ನಡೆದದ್ದು, ಭೂಮಿಗೆ ತಿಳಿದದ್ದು. ನಾಯಕಿಯ ದೊಡ್ಡ ನಿರ್ಧಾರ ಆದೇಶ ಕಳಿಸುವ ದಿನವೇ ಆಗಿಹೋಗಲಿ.

ಭೂಕಕ್ಷೆಯಲ್ಲಿ ಬೆನ್ನಟ್ಟುವ ದೃಶ್ಯ ರಿಂಗ್ ರೋಡಿನ ಓವರ್‌ಟೇಕ್ ಹಾಗಿದೆ. 400 ಕಿ.ಮೀ. ಎತ್ತರದಲ್ಲಿ ನೌಕೆ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಓಡುತ್ತದೆ, ಒಂದು ಸುತ್ತಿಗೆ 92 ನಿಮಿಷ. ಮುಂದಿನ ನೌಕೆ ಹಿಡಿಯಲು ವೇಗ ಹೆಚ್ಚಿಸಿದರೆ ಕಕ್ಷೆ ಮೇಲೇರಿ, ಸುತ್ತಿನ ಸಮಯ ಹೆಚ್ಚಿ, ಹಿಂದೆಯೇ ಉಳಿಯುತ್ತೀರಿ. ಬ್ರೇಕ್ ಹಾಕಬೇಕು! ಸೆಕೆಂಡಿಗೆ 10 ಮೀಟರ್ ವೇಗ ಇಳಿಸಿದರೆ ಕಕ್ಷೆ ಕುಗ್ಗಿ, ಒಂದೇ ಸುತ್ತಿನಲ್ಲಿ ಸುಮಾರು 165 ಕಿ.ಮೀ. ಮುಂದೆ ಬರುತ್ತೀರಿ, ಆಮೇಲೆ ಅಷ್ಟೇ ವೇಗ ಮರಳಿ ಸೇರಿಸಬೇಕು. ಶತ್ರು ಹತ್ತಿರವಿದ್ದಾಗ ನಾಯಕ ವೇಗ ಇಳಿಸುತ್ತಾನೆ, ಸಂಗಾತಿ ಕಿರುಚುತ್ತಾನೆ. ಎಂಥ ದೃಶ್ಯ ಅದು! ಕಕ್ಷೆಯ ಓರೆ (ಸಮಭಾಜಕಕ್ಕೆ ಅದು ವಾಲಿರುವ ಕೋನ) ಬದಲಿಸುವುದಂತೂ ಇನ್ನೂ ದುಬಾರಿ. ‘ಗ್ರ್ಯಾವಿಟಿ’ (2013) ಚಿತ್ರದಲ್ಲಿ ಹಬಲ್ ದೂರದರ್ಶಕದ ಬಳಿಯಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಬೆನ್ನಿನ ಜೆಟ್‌ನಲ್ಲೇ ಹೋಗುತ್ತಾರೆ. ಹಬಲ್ ಕಕ್ಷೆಯ ಓರೆ 28.5 ಡಿಗ್ರಿ, ನಿಲ್ದಾಣದ್ದು 51.6. ಅಷ್ಟು ತಿರುಗಲು ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗಬದಲಾವಣೆ ಬೇಕು.

‘ಇಲ್ಲಿ ಗುರುತ್ವಾಕರ್ಷಣೆಯೇ ಇಲ್ಲ’ ಎಂಬ ಮಾತನ್ನೂ ಹೊಡೆದುಹಾಕಿ. 400 ಕಿ.ಮೀ. ಎತ್ತರದಲ್ಲೂ ನೆಲದ ಮೇಲಿನದರ ಸುಮಾರು 90 ಶೇಕಡಾ ಇದೆ. ನೌಕೆಯೂ ಒಳಗಿನವರೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೇಲುತ್ತಾರೆ.

ಹೆಲ್ಮೆಟ್ ಒಡೆದವನು ಸಿಡಿಯುವುದಿಲ್ಲ, ತಕ್ಷಣ ಹೆಪ್ಪುಗಟ್ಟುವುದೂ ಇಲ್ಲ. ನಿರ್ವಾತದಲ್ಲಿ ಶಾಖ ಹೊರಹೋಗುವುದು ವಿಕಿರಣದಿಂದ, ನಿಧಾನವಾಗಿ. ಎಚ್ಚರ ಉಳಿಯುವುದು 10ರಿಂದ 15 ಸೆಕೆಂಡು. ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯುತ್ತದೆ, ಆದ್ದರಿಂದ ಅವನು ಬಾಯಿ ತೆರೆದು ಉಸಿರು ಬಿಡಬೇಕು. ನಾಲಿಗೆಯ ತೇವ ಕುದಿಯುತ್ತದೆ, ಮೈ ಊದುತ್ತದೆ. ಆ ಹತ್ತು ಸೆಕೆಂಡಿನಲ್ಲಿ ಅವನ ಕೈ ಏನು ಮಾಡಿತು ಎಂಬುದನ್ನು ಸೆಕೆಂಡು ಸೆಕೆಂಡಾಗಿ ಬರೆಯಿರಿ.

ಗಾಳಿಯಿಲ್ಲದಲ್ಲಿ ಸದ್ದು ಹರಡದು, ಹೊರಗಿನ ಸ್ಫೋಟಕ್ಕೆ ಸದ್ದು ಬೇಡ. ಹೆಲ್ಮೆಟ್ ಒಳಗಿನ ಉಸಿರು, ಫ್ಯಾನು, ರೇಡಿಯೋ ಸಾಕು.

ದ್ವಿತೀಯಾರ್ಧದ ಅನ್ಯಗ್ರಹದವರ ನೌಕೆ ಬೆಳಕಿಗಿಂತ ವೇಗವಾಗಿ ಹೋಗಲಿ, ನನ್ನ ತಕರಾರಿಲ್ಲ. ಕಥೆ ನಿಂತಿರುವುದೇ ಅದರ ಮೇಲೆ. ಆದರೆ ಅದರ ಎಂಜಿನ್ ಸಿದ್ಧವಾಗಲು ಒಂದು ಗಂಟೆ ಬೇಕೆಂದು ನೀವೇ ಹೇಳಿ, ಕ್ಲೈಮ್ಯಾಕ್ಸಿನಲ್ಲಿ ಗುಂಡಿ ಒತ್ತಿದೊಡನೆ ಹಾರಿಸಿದ್ದೀರಿ. ಮೊದಲು ಅದನ್ನು ಸರಿಪಡಿಸಿ ಕಳಿಸಿ.

ಇಂತಿ ನಿಮ್ಮ ಹಿತೈಷಿ