ಕೊಡವೂರಿನ ಸಿಸ್ಟರಕ್ಕನಿಗೆ, ಮತ್ತೆ ಉಳಿದವರಿಗೂ

ಅಮ್ಮ ಮೊನ್ನೆ ಶುಕ್ರವಾರ ಕೋಲಿಲ್ಲದೆ ರಥಬೀದಿಗೆ ಒಂದು ಸುತ್ತು ಬಂದರು. ಕನಕನ ಕಿಂಡಿಯ ಎದುರು ಎರಡು ನಿಮಿಷ ನಿಂತದ್ದು ಬಿಟ್ಟರೆ ಎಲ್ಲಿಯೂ ಕೂರಲಿಲ್ಲ. ಗ್ರೀಸಿನ ಕ್ರೂಸ್ ಹಡಗಿನಲ್ಲಿ ಅಮ್ಮ ಬಿದ್ದು ಪಾದದ ಗಂಟು ಮುರಿದದ್ದು, ಅದಕ್ಕೆ ಎಷ್ಟು ಸ್ಕ್ರೂ ಬಿತ್ತು ಎಂಬುದೆಲ್ಲ ನಿಮಗೆ ಗೊತ್ತಿದ್ದದ್ದೇ. ಯಾರು ಏನು ಮಾಡಿದರು ಎಂಬುದನ್ನು ಮಾತ್ರ ಬರೆದಿಡುತ್ತೇವೆ. ಹಿರಿಯರನ್ನು ಕರೆದುಕೊಂಡು ಹಡಗು ಹತ್ತುವವರು ಈಗ ನಮ್ಮೂರಲ್ಲೂ ಇದ್ದಾರೆ, ಅವರಿಗೂ ಬೇಕಾದೀತು.

ಮೊದಲು ಸಿಸ್ಟರಕ್ಕ. ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಹಡಗಿನ ಡಾಕ್ಟರು ಎಕ್ಸ್‌ರೇ ತೆಗೆದು, ಸ್ಲ್ಯಾಬ್ (ಅರ್ಧ ಸುತ್ತಿನ ಪ್ಲಾಸ್ಟರ್, ಮೇಲೆ ಬ್ಯಾಂಡೇಜ್) ಹಾಕಿ, ಕ್ಯಾಬಿನ್‌ಗೆ ಕಳಿಸಿದಾಗ ಅಲ್ಲಿ ರಾತ್ರಿ ಹನ್ನೊಂದು. ಬೇಸಿಗೆಯಲ್ಲಿ ಗ್ರೀಸಿನ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ, ಹಾಗಾಗಿ ಕೊಡವೂರಿನಲ್ಲಿ ಒಂದೂವರೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಹಡಗಿನ ವೈಫೈಯಲ್ಲಿ ವಾಟ್ಸಾಪ್ ಕರೆ ಮಾಡಿದ್ದು. (ನಡುಗಡಲಲ್ಲಿ ಸಿಮ್ಮಿನಿಂದ ಮಾತಾಡಲು ಹೋಗಬೇಡಿ, ಹಡಗಿನ ಟವರಿನ ರೋಮಿಂಗ್ ಬಿಲ್ಲು ನೋಡಿದರೆ ಇನ್ನೊಂದು ಕಾಲೂ ಮುರಿದಂತಾಗುತ್ತದೆ.) ಸಿಸ್ಟರಕ್ಕ ಫೋನ್ ಎತ್ತಿದವರು ಬೆಳಗಾಗುವ ತನಕ ಇಡಲಿಲ್ಲ.

ಅವರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. "ಕಾಲುಂಗುರ ತೆಗೆದಿದ್ದೀರಾ?" ತೆಗೆದಿರಲಿಲ್ಲ. ಬಾವು ಬೆರಳಿಗೆ ಇಳಿಯುತ್ತಿತ್ತು, ಹಳೇ ಕಾಲದ ಗಟ್ಟಿ ಬೆಳ್ಳಿ, ಬಾಯಿ ಇಲ್ಲದ್ದು. ಎಳೆದರೆ ಚರ್ಮ ಮುದುಡಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಅವರು ಹೇಳಿಕೊಟ್ಟ ಕ್ರಮ ಹೀಗೆ: ಹಲ್ಲುಸಂದಿ ಶುಚಿ ಮಾಡುವ ದಾರ ಒಂದು ಮಾರು, ಅದರ ತುದಿಯನ್ನು ಉಂಗುರದ ಅಡಿಯಿಂದ ಪಾದದ ಕಡೆಗೆ ತೂರಿಸಬೇಕು. ಉಳಿದ ದಾರವನ್ನು ಉಂಗುರದ ಅಂಚಿನಿಂದ ಉಗುರಿನ ಕಡೆಗೆ, ಬೆರಳಿನ ಗಂಟು ದಾಟುವ ತನಕ, ಸಂದಿ ಬಿಡದೆ ಒತ್ತೊತ್ತಾಗಿ ಸುತ್ತಬೇಕು. ಮೇಲೆ ಸ್ವಲ್ಪ ಸಾಬೂನು. ಆಮೇಲೆ ಪಾದದ ಕಡೆಯ ತುದಿ ಹಿಡಿದು ಬಿಚ್ಚುತ್ತ ಬಂದರೆ ಉಂಗುರ ಸುತ್ತಿನ ಮೇಲೆ ಜಾರುತ್ತ ತಾನಾಗಿ ಮುಂದೆ ಬರುತ್ತದೆ. ನಾಲ್ಕೈದು ನಿಮಿಷದೊಳಗೆ ಮುಗಿಸಬೇಕು, ಬಿಗಿದ ದಾರ ಬೆರಳಿನ ಮೇಲೆ ಹೆಚ್ಚು ಹೊತ್ತು ಇರಬಾರದು. ಅಮ್ಮ ಒಪ್ಪಲಿಲ್ಲ. ಗಂಡ ಪಕ್ಕದಲ್ಲಿ ಕೂತಿರುವಾಗ ಕಾಲುಂಗುರ ತೆಗೆಯುವುದೆಂದರೆ! ಸಿಸ್ಟರಕ್ಕ ವಾದ ಮಾಡಲಿಲ್ಲ. "ತೆಗೆದು ಅವರ ಕೈಯಲ್ಲೇ ಕೊಡಿ ಅಮ್ಮ. ಬಾವು ಇಳಿದ ಮೇಲೆ ಅವರೇ ಹಾಕ್ಲಿ." ಅಪ್ಪ ಬೆಳಗಿನ ತನಕ ಅದನ್ನು ಮುಷ್ಟಿಯಲ್ಲೇ ಹಿಡಿದಿದ್ದರು.

ಮತ್ತೆ ಅರ್ಧ ಗಂಟೆಗೊಮ್ಮೆ ಪರೀಕ್ಷೆ. ಹೆಬ್ಬೆರಳಿನ ಉಗುರನ್ನು ಬೆಳ್ಳಗಾಗುವಷ್ಟು ಒತ್ತಿ ಬಿಡುವುದು, ಎರಡು ಎಣಿಸುವಷ್ಟರಲ್ಲಿ ಕೆಂಪು ತಿರುಗಬೇಕು; ನೈಲ್ ಪಾಲಿಶ್ ಇದ್ದರೆ ಮೊದಲೇ ಒರೆಸಿರಬೇಕು. ಎರಡೂ ಪಾದಗಳ ಬಿಸಿಯನ್ನು ಹಿಂಗೈಯಿಂದ ಹೋಲಿಸಿ ನೋಡುವುದು. ಹೆಬ್ಬೆರಳು, ಅದರ ಪಕ್ಕದ ಬೆರಳು, ಇವೆರಡರ ಸಂದಿಯಲ್ಲಿ ಮುಟ್ಟಿದ್ದು ತಿಳಿಯುತ್ತದೆಯೇ ಕೇಳುವುದು. ಕೊನೆಗೆ ಬೆರಳುಗಳನ್ನು ನಾವೇ ಮೆಲ್ಲ ಮೇಲೆ ಬಗ್ಗಿಸುವುದು. ಆಗ ಮೀನಖಂಡದಲ್ಲಿ ತಡೆಯಲಾಗದ ನೋವು ಬಂದರೆ, ಬಾವಿನ ಒತ್ತಡಕ್ಕೆ ಕಾಲಿನೊಳಗೆ ರಕ್ತದ ಓಡಾಟ ನಿಲ್ಲುತ್ತಿದೆ ಎಂಬುದಕ್ಕೆ ಅದೇ ಮೊದಲ ಎಚ್ಚರಿಕೆ. ಬೆರಳು ತಣ್ಣಗಾಗುವುದು, ಬಣ್ಣ ಕೆಡುವುದು ಅದಕ್ಕಿಂತ ತಡವಾಗಿ. ಎಲ್ಲವನ್ನೂ ಹಡಗಿನ ದಿನಚರಿ ಕಾಗದದ ಹಿಂಬದಿಯಲ್ಲಿ ಗಂಟೆ ಸಮೇತ ಬರೆಸಿದರು.

ಇನ್ನೊಂದು ಮಾತು ಅವರು ಮೂರು ಸಲ ಹೇಳಿದ್ದು: ಡಾಕ್ಟರು ಕೊಟ್ಟ ಗುಳಿಗೆ ಹೊತ್ತಿಗೆ ಸರಿಯಾಗಿ ಕೊಡಿ, ಆದರೆ ಕೊಟ್ಟು ಒಂದು ತಾಸಾದ ಮೇಲೂ ನೋವು ಏರುತ್ತಲೇ ಇದ್ದರೆ ಇನ್ನೊಂದು ಗುಳಿಗೆ ಕೇಳಬೇಡಿ, ನರ್ಸನ್ನು ಕರೆಯಿರಿ.

ಹಡಗಿನ ಗಡಿಯಾರದಲ್ಲಿ ಎರಡು ದಾಟಿದ ಮೇಲೆ ಹಾಗೇ ಆಯಿತು. ಬೆರಳು ಬಗ್ಗಿಸಿದ ಕೂಡಲೇ ಅಮ್ಮ ಕಿರುಚಿದರು, ಬೆರಳಸಂದಿ ಜೋಮು. ಅಷ್ಟು ಹೊತ್ತು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಿಸಿದ್ದ ಕಾಲನ್ನು ಎದೆಯ ಮಟ್ಟಕ್ಕೆ ಇಳಿಸಿ ಎಂದರು ಸಿಸ್ಟರಕ್ಕ. ಒಳಗೆ ಒತ್ತಡ ಏರಿರುವಾಗ ಎತ್ತರಕ್ಕಿಟ್ಟರೆ ಪಾದಕ್ಕೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಹಡಗಿನ ದವಾಖಾನೆ ರಾತ್ರಿ ಬಾಗಿಲು ಹಾಕಿದರೂ ಕರೆದರೆ ಬರುವ ನರ್ಸ್ ಇರುತ್ತಾರೆ, ಕ್ಯಾಬಿನ್ ಫೋನಿನ ಮೇಲೆಯೇ ನಂಬರ್ ಇರುತ್ತದೆ. ಆಕೆ ಏಳೇ ನಿಮಿಷದಲ್ಲಿ ಬಂದರು, ಡಾಕ್ಟರನ್ನೂ ಕರೆಸಿದರು. ಬ್ಯಾಂಡೇಜನ್ನೂ ಅದರ ಕೆಳಗಿನ ಹತ್ತಿಯ ಸುತ್ತನ್ನೂ ಉದ್ದಕ್ಕೆ ಚರ್ಮ ಕಾಣುವ ತನಕ ಸೀಳಿದರು. ಮೇಲಿನದ್ದನ್ನು ಮಾತ್ರ ಸಡಿಲಿಸಿದರೆ ಸಾಲದು. ಒಳಗಿನ ಹತ್ತಿಯೇ ಬೆವರು ಹಿಡಿದು ಹಗ್ಗದ ಹಾಗೆ ಬಿಗಿದಿರುತ್ತದೆ. ಸ್ಲ್ಯಾಬ್ ಕಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುರಿದ ಗಂಟು ಮೊದಲ ಎರಡು ದಿನ ಊದುತ್ತಲೇ ಇರುತ್ತದೆ, ಅಷ್ಟೇ.

ಸೀಳಿದ ಮೇಲೆ ಬೆರಳಿಗೆ ಬಣ್ಣ ಬರಲು ಇಪ್ಪತ್ತು ನಿಮಿಷ. ಬಾರದಿದ್ದರೆ ಮುಂದಿನ ದಾರಿ ಸ್ನಾಯುವಿನ ಹೊದಿಕೆ ಸೀಳುವ ಆಪರೇಶನ್, ಅದೂ ಆರು ತಾಸಿನೊಳಗೆ, ಆ ಹಡಗಿನಲ್ಲಿ ಅದಕ್ಕೆ ಥಿಯೇಟರ್ ಇಲ್ಲ. ಸಿಸ್ಟರಕ್ಕ, ಆ ಇಪ್ಪತ್ತು ನಿಮಿಷ ನೀವು ಏನೂ ಮಾತಾಡಲಿಲ್ಲ. ನಿಮ್ಮ ಅಂಗಳದಲ್ಲಿ ಮಳೆ ಹೊಯ್ಯುವ ಸದ್ದು ಮಾತ್ರ ಕೇಳುತ್ತಿತ್ತು. ಕರೆ ಕಡಿಯಿತೇನೋ ಎಂದು ಹೆದರಿ "ಇದ್ದೀರಾ?" ಎಂದರೆ "ಇದ್ದೇನೆ" ಎಂದಿರಿ. ಅಷ್ಟೇ. ಆ ಒಂದು ಶಬ್ದಕ್ಕೆ ಏನು ಕೊಡಬೇಕೆಂದು ಇವತ್ತಿಗೂ ತಿಳಿಯುವುದಿಲ್ಲ.

ಇನ್ನು ಉಳಿದವರು. ಬುಕ್ಕಿಂಗ್ ಮಾಡಿಕೊಟ್ಟ ಕಿನ್ನಿಮುಲ್ಕಿಯ ಏಜೆಂಟ್ ಭಾವ ಹಟ ಹಿಡಿದು ಎರಡು ಕೆಲಸ ಮಾಡಿಸಿದ್ದರು. ವೀಸಾಕ್ಕೆ ಕೇಳುವ 30,000 ಯೂರೋದ ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟ) ವಿಮೆ ಪಾಲಿಸಿ ಮಾತ್ರ ಸಾಲದೆಂದು, ಹಡಗು ನಡುವೆ ಆ ಕೂಟದ ಹೊರಗಿನ ಟರ್ಕಿಯ ಬಂದರಿಗೂ ಹೋಗುವ ಕಾರಣ, ಟರ್ಕಿಯನ್ನೂ ಕ್ರೂಸನ್ನೂ ಒಳಗೊಂಡ ಪಾಲಿಸಿ ತೆಗೆಸಿದ್ದು ಒಂದು. ವೀಸಾ ಮಲ್ಟಿಪಲ್ ಎಂಟ್ರಿಯೇ (ಹೊರಗೆ ಹೋಗಿ ಮತ್ತೆ ಒಳಬರಬಹುದಾದದ್ದು) ಆಗಬೇಕೆಂದದ್ದು ಇನ್ನೊಂದು. ಟರ್ಕಿಯ ಕುಶಾದಾಸಿ ಬಂದರಿನಲ್ಲಿ ಇಳಿದು ಆಸ್ಪತ್ರೆ ಸೇರಬೇಕಾಗಿ ಬಂದಿದ್ದರೆ ಗ್ರೀಸಿಗೆ ತಿರುಗಿ ಬರಲು ಅದೇ ಬೇಕಿತ್ತು. ಹಡಗಿನಲ್ಲಿ ಕ್ಯಾಶ್‌ಲೆಸ್ ನಡೆಯಲಿಲ್ಲ, ಖರ್ಚೆಲ್ಲ ಕ್ಯಾಬಿನ್ ಖಾತೆಗೆ ಬಿತ್ತು. ಇಳಿಯುವ ಮೊದಲು ಬಿಡಿಬಿಡಿ ಬಿಲ್ಲು, ಪಾವತಿ ರಸೀದಿ, ಡಾಕ್ಟರ ವರದಿ, ಬಿದ್ದ ಘಟನೆಯ ವರದಿಯ ಪ್ರತಿ, ಎಕ್ಸ್‌ರೇಯ ಸಿಡಿ, ಇಷ್ಟನ್ನೂ ಕೈಯಲ್ಲೇ ತೆಗೆದುಕೊಳ್ಳಿ ಎಂದದ್ದೂ ಅವರೇ. ಕ್ಲೇಮು ಕಷ್ಟವಿಲ್ಲದೆ ಆದದ್ದು ಅದರಿಂದ.

ಗ್ರೀಸಿನ ಪಿರೇಯಸ್ ಬಂದರಿನಲ್ಲಿ ಇಳಿಸಿಕೊಂಡ ಹಡಗಿನ ಸ್ಥಳೀಯ ಏಜೆಂಟಮ್ಮನಿಗೆ, ದುಬೈಯಲ್ಲಿ ವಿಮಾನ ಬದಲಿಸುವಾಗ ರಜೆ ಹಾಕಿ ಬಂದ ಚಿಕ್ಕಮ್ಮನ ಮಗನಿಗೆ ವಂದನೆ. ವೀಲ್‌ಚೇರ್ ಬೇಕು ಎಂದಷ್ಟೇ ಬರೆದರೆ ವಿಮಾನದ ಬಾಗಿಲ ತನಕ ಮಾತ್ರ, ಸೀಟಿನ ತನಕ ನಡೆಯಲಾಗದವರಿಗೆ ಒಳಗಿನ ಕಿರಿದಾದ ಕುರ್ಚಿ ಬೇರೆಯೇ ಕೇಳಬೇಕು ಎಂದು ತಿದ್ದಿಸಿದ್ದು ಅವನೇ. ಹೊಸ ಪ್ಲಾಸ್ಟರಿಗೆ ಎರಡು ತಾಸು ಮೀರಿದ ಹಾರಾಟವಾದರೆ ಸಾಮಾನ್ಯವಾಗಿ 48 ತಾಸು ಕಾಯಿಸುತ್ತಾರೆ, ಇಲ್ಲವೇ ಸೀಳಿಸುತ್ತಾರೆ. ನಮ್ಮದು ಆಗಲೇ ಸೀಳಿದ್ದರಿಂದ ವಿಮಾನದ ಫಾರ್ಮಿಗೆ ಡಾಕ್ಟರ ಸಹಿ ಬೇಗ ಸಿಕ್ಕಿತು. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ನಿನ ಚೀಟಿ ಕೈಚೀಲದಲ್ಲೇ ಇರಲಿ. ಬಜ್ಪೆ ವಿಮಾನ ನಿಲ್ದಾಣಕ್ಕೆ ಕಾರು ತಂದವರು, ಎರಡು ತಿಂಗಳು ಗಂಜಿ ಊಟ ಕಳಿಸಿದವರು, ಮಲ್ಲಿಗೆ ಗಿಡಕ್ಕೆ ನೀರು ಹಾಕಿದವರು, ಪ್ಲಾಸ್ಟರ್ ಬಿಚ್ಚಿದ ಮೇಲೆ ಎಣ್ಣೆ ಹಾಕಿ ಉಜ್ಜಲು ಬಂದು ನಮ್ಮಿಂದ ಬೈಸಿಕೊಂಡ ದೊಡ್ಡಮ್ಮ, ಎಲ್ಲರ ಋಣವೂ ಇದೆ.

ಸಿಸ್ಟರಕ್ಕ ಸೀರೆ ತೆಗೆದುಕೊಳ್ಳಲಿಲ್ಲ. ಹಡಗಿನಲ್ಲಿ ಕೊಂಡ ಊರುಗೋಲಿನ ಜೋಡಿಯನ್ನು ಮಾತ್ರ ಇಟ್ಟುಕೊಂಡರು, ಯಾರಿಗಾದರೂ ಬೇಕಾದೀತೆಂದು. ಬೇಕಾದವರು ಅವರ ಮನೆಯಿಂದ ಒಯ್ಯಬಹುದು. ಕಂಕುಳಿಗೂ ಮೇಲಿನ ದಿಂಡಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟು ಎತ್ತರ ಹೊಂದಿಸಿಕೊಳ್ಳಿ, ಭಾರ ಕೈ ಮೇಲೆ ಬೀಳಲಿ. ಎಡಗಡೆಯದ್ದರ ರಬ್ಬರ್ ಬುಡ ಸವೆದಿದೆ, ಹೊಸದು ಹಾಕಿಸಿಯೇ ಉಪಯೋಗಿಸಿ.